ಏಳನೇ ತುಂಡಿನ ಮೇಲೆ ಏಟು

ಅಲ್ಲ ಸಾರ್, ಹೀಗೆ ಕೈ ಹಿಂದಕ್ಕೆ ಎಳ್ಕೊಂಡ್ರೆ ಹೇಗೆ? ಇನ್ನೂ ಮೂರನೇ ತುಂಡಿಗೇ ಬಂದಿಲ್ಲ ನಾವು! ಕೊಡಿ ಇಲ್ಲಿ ಎಡಗೈ. ಬಲಗೈ ಬೇಡ, ಅದು ರಜೆ ಮೇಲಿದೆ. ಹಾಂ... ಮೇಜಿನ ಮೇಲೆ ಅಂಗೈ ಮಗುಚಿ ಇಡಿ. ನಾನು ಹಿಡ್ಕೊಂಡು ಬಡೀತೀನಿ, ನೀವು ಬಾಯಿ ಆಡಿಸಿ. ಒಂದು ಬಡಿತಕ್ಕೆ ಒಂದು ತುಂಡು. ಡೀ... ಆಕ್... ಸಿ...

ಎಲ್ಲಿ? ತುಟಿ ಪಿಟಿಕ್ ಅನ್ನಲಿಲ್ಲ.

ಇನ್ನೊಂದ್ಸಲ. ಡೀ. ಆಕ್. ಸಿ. ರೈ. ಬೋ. ನ್ಯೂ. ಕ್ಲೀ! ಇಕ್. ಡೀಆಕ್ಸಿರೈಬೋನ್ಯೂಕ್ಲೀಇಕ್. ಅದರ ಹಿಂದೆ ಬಾಲದ ಥರ ಆಸಿಡ್. ಥೂ... ಇದೂ ಒಂದು ಪದಾನಾ ಸಾರ್? ಡಿಎನ್‌ಎ ಅಂತ ಮೂರೇ ಮೂರು ಅಕ್ಷರದಲ್ಲಿ ಮುಗಿಯೋ ಕೆಲಸಕ್ಕೆ ಇಷ್ಟುದ್ದ ಮೆರವಣಿಗೆ! ಇದನ್ನ ಕಟ್ಟಿದವನಿಗೆ ಮನೇಲಿ ಬೇರೆ ಕೆಲಸ ಇರ್ಲಿಲ್ವಾ?

ಯಾಕೆ ನಗ್ತೀರಿ? ...ನಗೂನಾ ಅದು, ಹಲ್ಲುನೋವಾ? ಈಗ ಗೊತ್ತೇ ಆಗಲ್ಲ ನಿಮ್ದು. ಎಡಗಡೆ ಮುಖ ನಗುತ್ತೆ, ಬಲಗಡೆದು ಇನ್ನೂ ಸ್ಟಾಫ್ ರೂಮಲ್ಲೇ ಗಡಸಾಗಿ ಕೂತಿದೆ.

ಇಪ್ಪತ್ಮೂರು ದಿನ ಆಯ್ತು ಸಾರ್, ನೀವು ಈ ಹಾಲ್‌ನಲ್ಲಿ ಬಿದ್ದು. ಆಸ್ಪತ್ರೇಲಿ ಒಂಬತ್ತು, ಮನೇಲಿ ಹದಿನಾಲ್ಕು. ತಲೆಯ ಎಡಭಾಗದಲ್ಲಿ ರಕ್ತ ಕಟ್ಟಿತ್ತಂತೆ. ಕಿವಿ ಸರಿಯಿದೆ, ಬುದ್ಧಿ ಸರಿಯಿದೆ, ಮಾತು ಮಾತ್ರ ನಾಪತ್ತೆ. ಮೂವತ್ತೊಂದು ವರ್ಷ ಸೈನ್ಸ್ ಪಾಠ ಮಾಡಿದ ಬಾಯಿ! ಅಂಥ ಬಾಯಿಗೆ ಈಗ ಪಾಠ ಯಾರು ಹೇಳ್ತಿರೋದು? ನಾನು. ಹತ್ತನೇ ಕ್ಲಾಸಲ್ಲಿ ಎರಡು ಸಲ ಫೇಲಾದ ಜೋಕರ್. ಮೈಕ್ ಸೆಟ್ ಅಂಗಡೀಲಿ ವೈರ್ ಸುತ್ತೋನು. ಇದಕ್ಕಿಂತ ದೊಡ್ಡ ತಮಾಷೆ ನಾನೇ ಕಟ್ಟಬೇಕು ಅಂದ್ರೂ ಕಟ್ಟೋಕಾಗ್ತಿರ್ಲಿಲ್ಲ.

ಕಣ್ಣು ಕೆಕ್ಕರಿಸ್ಬೇಡಿ. ಈ ಪದ ನಾನು ಆರಿಸಿದ್ದಲ್ಲ. ಅಂದ್ರೆ... ನಾನೇ ಆರಿಸಿದ್ದು, ಆದ್ರೆ ಮಾತು ಕಲಿಸೋ ಮೇಡಂ ಕೇಳಿದ್ದಕ್ಕೆ. ‘ಇವರು ಜೀವನದಲ್ಲಿ ಸಾವಿರ ಸಲ ಹೇಳಿದ ಪದ ಯಾವುದು? ಅಂಥದ್ದು ಮೊದಲು ಹೊರಗೆ ಬರುತ್ತೆ’ ಅಂದ್ರು. ನಿಮ್ಮ ಮನೆಯವರು, ಅಮ್ಮಾವ್ರು, ನನ್ನ ಮುಖ ನೋಡಿದ್ರು. ನಾನು ಇದನ್ನ ಹೇಳ್ದೆ. ಮೇಡಂಗೇ ಅರ್ಧದಲ್ಲಿ ಉಸಿರು ಕಟ್ಟಿತು! ‘ನೀರು, ಅನ್ನ, ಅಮ್ಮ, ಇಂಥದ್ದು ಏನೂ ಇಲ್ವಾ?’ ಅಂದ್ರು. ಇಲ್ಲ ಮೇಡಂ, ನಮ್ಮ ಸಾರ್ ನೀರು ಕೇಳೋಕೂ ಎಚ್‌ಟೂಓ ಅಂತಿದ್ರು ಅಂದೆ. ಆಯಮ್ಮ ನಂಬಿಬಿಟ್ರು ಸಾರ್, ಬರ್ಕೊಂಡ್ರು ಬೇರೆ!

ಸರಿ, ಬನ್ನಿ ಕೆಲಸಕ್ಕೆ. ಒಡೆದು ನೋಡೋಣ. ನೀವೇ ಹೇಳ್ತಿದ್ದದ್ದು: ‘ಉದ್ದ ಪದ ಕಂಡ್ರೆ ಹೆದರ್ಬೇಡಿ, ಕೀಲು ಎಲ್ಲಿದೆ ಹುಡುಕಿ, ಅಲ್ಲೇ ಬಿಚ್ಚಿ.’ ಬಿಚ್ಚಿದೆ. ಡೀ ಅಂದ್ರೆ ಹೋಯ್ತು, ಕಳೀತು. ಆಕ್ಸಿ ಅಂದ್ರೆ ಆಕ್ಸಿಜನ್. ರೈಬೋ ಅಂದ್ರೆ ಅದೊಂಥರಾ ಸಕ್ಕರೆ, ಟೀಗೆ ಹಾಕೋ ಹಾಗಿಲ್ಲ. ನ್ಯೂಕ್ಲೀಇಕ್ ಅಂದ್ರೆ ಜೀವಕೋಶದ ನಡುಮನೇಲಿ ಸಿಕ್ಕಿದ್ದು. ಕಳ್ಕೊಂಡಿದ್ದು ಎಷ್ಟು ಸಾರ್? ಒಂದು ಆಕ್ಸಿಜನ್! ಒಂದೇ ಒಂದು! ಅದಕ್ಕೆ ಹೆಸರಿನ ಮುಂದೇನೇ ಬೋರ್ಡ್ ತಗಲಿಸ್ಕೊಂಡು, ‘ಅಯ್ಯೋ ನಂದೊಂದು ಹೋಯ್ತು, ಅಯ್ಯೋ ನಂದೊಂದು ಹೋಯ್ತು’ ಅಂತ ಊರೆಲ್ಲ ತಿರುಗೋದು! ನಾನು ಹತ್ತನೇ ಕ್ಲಾಸೇ ಕಳ್ಕೊಂಡೆ. ನಾನೇನು ಡೀ-ಜೋಕರ್ ಅಂತ ಹಾಕ್ಕೊಂಡಿದ್ದೀನಾ? ಗುಟ್ಟಾಗಿ ಕಳ್ಕೋಬೇಕು ಸಾರ್. ನಾಚಿಕೆ ಇರೋರು ಹಾಗೆ.

ಏನು? ತಲೆ ಯಾಕೆ ಅಲ್ಲಾಡಿಸ್ತೀರಿ? ತಪ್ಪಾ? ಎಲ್ಲಿ ತಪ್ಪು? ಬಾಯಿ ಬಿಟ್ಟು ಹೇಳಿ ಮತ್ತೆ, ನೋಡೋಣ!

...ಹೂಂ. ಅಷ್ಟೇ.

ಇನ್ನು ಆ ಏಟಿನ ವಿಷಯ. ಎಂಟು ತುಂಡು, ಅದರಲ್ಲಿ ಏಳನೇದರ ಮೇಲೆ ಏಟು. ‘ಕ್ಲೀ’ ಅನ್ನೋದನ್ನೇ ಒತ್ತಿ ಹೇಳ್ಬೇಕು. ಯಾಕೆ? ಏಳನೇದು ಏನು ಮಾಡಿದೆ ಅಂಥಾ ಘನಂದಾರಿ ಕೆಲಸ? ನಮ್ಮ ಮಾತಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಪಂಕ್ತಿ, ಒಂದೇ ಎಲೆ. ಈ ಇಂಗ್ಲಿಷಲ್ಲಿ ನೋಡಿ, ಒಬ್ಬ ಯಜಮಾನ, ಇಬ್ಬರು ಮೇಸ್ತ್ರಿಗಳು, ಉಳಿದವರೆಲ್ಲ ಕೂಲಿ. ಕ್ಲೀ ಯಜಮಾನ, ಆಕ್, ರೈ ಮೇಸ್ತ್ರಿಗಳು. ‘ಸಿ’ ಪಾಪ ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ಮೈಕ್ ಸದ್ದು ಏರಿಸಿ ಇಳಿಸೋ ನಮ್ಮ ಅಂಗಡಿ ಮಿಕ್ಸರ್‌ನಲ್ಲೂ ಎಂಟು ಚಾನೆಲ್ ಇದೆ ಸಾರ್. ನಿಮ್ಮ ಪದ ಅದರಲ್ಲಿ ಹಾಕಿ ನೋಡ್ದೆ. ಏಳನೇದರ ಗುಂಡಿ ಮೇಲಕ್ಕೆ ತಳ್ಳಿ, ಎರಡನೇದು, ನಾಲ್ಕನೇದು ಅರ್ಧಕ್ಕೆ ಇಟ್ಟು, ಮಿಕ್ಕಿದ್ದೆಲ್ಲ ಕೆಳಗೆ. ಅವಾಗ ಅರ್ಥ ಆಯ್ತು ನನಗೆ. ಎರಡು ವರ್ಷ ನೀವು ಡಸ್ಟರ್ ಕುಟ್ಟಿ ಕುಟ್ಟಿ ಹೇಳಿದ್ದು ತಲೆಗೆ ಹೋಗ್ಲಿಲ್ಲ, ಮಿಕ್ಸರ್ ಎರಡು ನಿಮಿಷದಲ್ಲಿ ಹೇಳ್ಕೊಡ್ತು. ಹಾಗಾದ್ರೆ ಮೇಷ್ಟ್ರು ಯಾರು? ನೀವೋ ಮಿಕ್ಸರೋ?

ಕೋಪ ಬಂತಾ? ಬರ್ಲಿ. ಬೈಯಿರಿ. ಬೈಗುಳ ಮೊದಲು ಬರುತ್ತೆ ಅಂತಾನೂ ಅಂದ್ರು ಮೇಡಂ.

ನನಗೆ ಮಾತ್ರ ನೆನಪಿಲ್ವಾ ಅವತ್ತಿನದು? ಒಂಬತ್ತನೇ ಕ್ಲಾಸು, ಕಡೇ ಬೆಂಚು. ‘ಏ ಜೋಕರ್, ಎದ್ದು ನಿಂತು ಹೇಳು.’ ನಾನು ನಿಂತೆ. ಡೀ, ಆಕ್, ಸಿ, ರೈ, ಬೋ... ಬೋ... ಅಲ್ಲೇ ಗಾಡಿ ಕೆಟ್ಟು ನಿಂತಿತು. ಬೋ, ಬೋ, ಬೋ. ಹಿಂದಿನಿಂದ ಒಬ್ಬ ನಾಯಿ ಥರ ಬೊಗಳಿದ. ಇಡೀ ಕ್ಲಾಸ್ ಹೊಟ್ಟೆ ಹಿಡ್ಕೊಂಡು ನಗ್ತು. ನೀವೂ ನಕ್ರಿ. ಇಲ್ಲ ಅನ್ಬೇಡಿ! ಅವತ್ತು ನಿಮ್ಮ ಮುಖ ಎರಡೂ ಕಡೆ ನಗ್ತಿತ್ತು. ನಗಿಸೋದು ನನ್ನ ಕಸುಬು ಸಾರ್, ಬೇರೆಯವರು ನನ್ನಿಟ್ಕೊಂಡು ನಗೋದು ಬೇರೆ ವಿಷಯ. ಅದನ್ನ ಹೊಟ್ಟೇಲಿ ಇಟ್ಕೊಂಡೇ ಇದ್ದೆ, ಎರಡೂವರೆ ವರ್ಷ.

ಅದಿರ್ಲಿ, ಹಳೇ ಕಥೆ. ಈಗ ನಾನು ಪೂರ್ತಿ ಹೇಳ್ತೀನಿ, ನಿಮಗೆ ‘ಡೀ’ ಕೂಡ ಬರಲ್ಲ. ಲೆಕ್ಕ ಚುಕ್ತಾ.

...ಯಾಕೆ ಹಾಗೆ ನೋಡ್ತೀರಿ?

ಸಾರ್, ಒಂದು ಕೇಳ್ಲಾ? ಬರೀ ಸುಮ್ನೆ. ಹೌದು ಅಂದ್ರೆ ಒಂದು ಬೆರಳು, ಇಲ್ಲ ಅಂದ್ರೆ ಎರಡು. ಬಿದ್ದ ದಿನದ್ದು ಏನಾದ್ರೂ ನೆನಪಿದೆಯಾ ನಿಮಗೆ? ಅಂದ್ರೆ, ಬೀಳೋದಕ್ಕೆ ಮುಂಚೆ... ಬೆಳಿಗ್ಗೆ ಏನು ತಿಂದ್ರಿ, ಪೇಪರ್ ಓದಿದ್ರಾ, ಫೋನ್ ಗೀನ್ ಏನಾದ್ರೂ...

ಬೆರಳು ಎತ್ತಿ ಸಾರ್. ಒಂದಾ, ಎರಡಾ?

ಮುಷ್ಟಿ ಯಾಕೆ ಕಟ್ತೀರಿ? ಮುಷ್ಟಿಗೆ ಅರ್ಥ ಇಟ್ಟಿಲ್ಲ ನಾವು. ಬಿಚ್ಚಿ. ...ಸರಿ ಬಿಡಿ. ನೆನಪಿರಲ್ಲ. ಡಾಕ್ಟರೂ ಅಂದಿದ್ರು, ಬಿದ್ದ ಹೊತ್ತಿನದು ಅಳಿಸಿ ಹೋಗಿರುತ್ತೆ ಅಂತ. ನಾನೇ ಕೇಳಿ ತಿಳ್ಕೊಂಡೆ. ಎರಡು ಸಲ ಕೇಳ್ದೆ. ಸುಮ್ನೆ, ಜ್ಞಾನಕ್ಕೆ.

ಅಲ್ಲ, ನನಗೆ ಎಲ್ಲಾ ನೆನಪಿದೆ. ಬಾಗಿಲು ತೆಗೆದಿತ್ತು. ಅಮ್ಮಾವ್ರು ಲೈಬ್ರರಿ ಕೆಲಸಕ್ಕೆ ಹೋಗಿದ್ರು, ದಿನಾ ಈ ಹೊತ್ತಲ್ಲಿ ಅವರು ಅಲ್ಲೇ ತಾನೇ. ನೀವು ಅಲ್ಲಿ, ಆ ಶೂ ಸ್ಟ್ಯಾಂಡ್ ಹತ್ರ, ಒಂದು ಕೈ ಮೈ ಕೆಳಗೆ. ಕನ್ನಡಕ ಎರಡು ಅಡಿ ದೂರ. ಮೊಬೈಲು ಬಾಗಿಲ ಹಿಂದೆ, ಇನ್ನೂ ಬೆಳಕು ಉರೀತಿತ್ತು. ನಾನು ಆಟೋದವನ್ನ ಕೂಗಿ, ಇಬ್ಬರೂ ಸೇರಿ ಎತ್ಕೊಂಡು ಓಡಿದ್ವಿ. ಮುಕ್ಕಾಲು ಗಂಟೆ ತಡ ಆಗಿದ್ರೆ ಇಷ್ಟೂ ಉಳೀತಿರ್ಲಿಲ್ಲ ಅಂದ್ರಂತೆ. ಅಮ್ಮಾವ್ರು ಬೀದಿಯವರಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ, ‘ಆ ಹುಡುಗ ಅವತ್ತು ಬರದೇ ಇದ್ದಿದ್ರೆ’ ಅಂತ. ದಿನಾ ಕೆಲಸಕ್ಕೆ ಹೋಗೋ ಮುಂಚೆ ನನಗೂ ಒಂದು ತಟ್ಟೆ ಮುಚ್ಚಿಟ್ಟು ಹೋಗ್ತಾರೆ. ಜೀವಮಾನದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಒಳ್ಳೆ ಮಾತಾಡಿಲ್ಲ ಸಾರ್. ನಮ್ಮಮ್ಮನೂ ಸೇರಿ.

ಹಾಂ? ಯಾಕೆ ಬಂದಿದ್ದೆ ಅಂತಾನಾ ಆ ಹುಬ್ಬು? ಹೇಳಿದ್ನಲ್ಲ. ವೈರ್. ವಾರ್ಷಿಕೋತ್ಸವದಲ್ಲಿ ನಮ್ಮ ಅಂಗಡಿ ವೈರ್ ಒಂದು ಸ್ಕೂಲಲ್ಲೇ ಉಳಿದಿತ್ತು, ಅದನ್ನ ಕೇಳೋಕೆ. ...ವಾರ್ಷಿಕೋತ್ಸವ ಆಗಿ ನಾಲ್ಕು ತಿಂಗಳು ಆಗಿತ್ತು, ನಿಜ. ಏನೀಗ? ನಾಲ್ಕು ತಿಂಗಳಾದ್ರೆ ವೈರ್ ನಮ್ಮದಲ್ವಾ?

ಬಿಡಿ, ಬಿಡಿ. ಬಡೀರಿ ಮೇಜು. ಸಂಜೆ ಮೇಡಂ ಬರ್ತಾರೆ, ಪರೀಕ್ಷೆ ಇವತ್ತು. ಒಂದು ತುಂಡಾದ್ರೂ ಬರ್ಲಿಲ್ಲ ಅಂದ್ರೆ ಇನ್ನು ಈ ದಾರಿ ಬಿಟ್ಟು ಬರೀ ಚಿತ್ರದ ಪುಸ್ತಕ ಕೊಡ್ತೀನಿ ಅಂತ ಹೋದ ವಾರಾನೇ ಅಂದಿದ್ರು, ಲೋಟದ ಚಿತ್ರ ತೋರಿಸಿದ್ರೆ ನೀರು. ಅದಕ್ಕೇ ಅಮ್ಮಾವ್ರು ರಜೆ ಹಾಕಿ ಒಳಗಡೆ ಇದ್ದಾರೆ. ನಿಮಗೆ ಮರ್ಯಾದೆ ಬೇಡ್ವಾ? ಮೂವತ್ತೊಂದು ವರ್ಷ ಸರ್ವೀಸಿನ ಮೇಷ್ಟ್ರು ಲೋಟದ ಚಿತ್ರ ತೋರಿಸ್ಕೊಂಡು... ಡೀ. ಆಕ್. ಸಿ...

ನಾನು ನಿಮ್ಮ ಥರಾನೇ ಹೇಳ್ಲಾ? ಕೇಳಿ. ‘ಏನ್ರಪ್ಪಾ, ಗಮನ ಇಲ್ಲಿ! ಡೀ-ಆಕ್ಸಿ-ರೈಬೋ-ನ್ಯೂ-ಕ್ಲೀ-ಇಕ್!’ ಹೇಗಿದೆ? ಮೂಗಿನ ಗೊರಗೊರ ಸಮೇತ! ಯಾರ ದನಿ ಬೇಕು ಹೇಳಿ, ಎಲ್ಲಾ ಇದೆ. ಹೆಡ್‌ಮಾಸ್ಟರ್ದು, ಬಸ್ ಕಂಡಕ್ಟರ್ದು, ನಮ್ಮ ಓನರ್ದು. ಶಿಕ್ಷಣಾಧಿಕಾರಿದಂತೂ ಕಣ್ಣು ಮುಚ್ಚಿದ್ರೆ ಸಾಕ್ಷಾತ್ ಅವರೇ. ಪ್ರತಿ ಮಾತಿಗೂ ಮುಂಚೆ ಗಂಟಲು ಕೆರೀತಾರಲ್ಲ, ‘ಕ್ಹಂ... ನೋಡಿ ಮೇಷ್ಟ್ರೇ... ಕ್ಹಂ... ಸರಿಯಾದ ವಿವರಣೆ ಕೊಡದಿದ್ರೆ ನಾಳೆಯಿಂದ ನೀವು ಸ್ಕೂಲಿಗೆ...’

...

ಸಾರ್?

ಸಾರ್, ಯಾಕೆ ಕೈ ಕಿತ್ಕೊಂಡ್ರಿ? ನೀರು ಬೇಕಾ? ತಮಾಷೆಗೆ ಮಾಡಿದ್ದು ಸಾರ್. ಈಗ ಮಾಡಿದ್ದು ಹೇಳ್ತಿದ್ದೀನಿ. ಈಗ. ಅವರು ಎಲ್ಲರಿಗೂ ಹಾಗೇ ತಾನೇ ಅನ್ನೋದು, ವಿವರಣೆ ಕೊಡಿ, ವಿವರಣೆ ಕೊಡಿ... ನಾನು ವಾರ್ಷಿಕೋತ್ಸವದ ದಿನ ಮೈಕ್ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ನಲ್ಲ, ಅವತ್ತು ಕಲ್ತಿದ್ದು.

ಹಾಗೆ ನೋಡ್ಬೇಡಿ ಅಂದ್ನಲ್ಲ!

ಹಾಂ, ಅಮ್ಮಾ... ಬನ್ನಿ ಬನ್ನಿ. ಟೀ ಯಾಕೆ ತಂದ್ರಿ, ನಾನೇ ಬರ್ತಿದ್ನಲ್ಲ ಒಳಗೆ. ಇಲ್ಲಮ್ಮಾ, ಇವತ್ತೂ ಇಲ್ಲ. ಒಂದು ತುಂಡೂ ಬರ್ಲಿಲ್ಲ. ಬಡಿದೂ ಬಡಿದೂ ಮೇಜಿಗೇ ಮಾತು ಬರೋ ಹಾಗಾಯ್ತು...

ಏನು?

ಏನಂದ್ರಿ ಅಮ್ಮಾ? ...ಬೆಳಿಗ್ಗೆ ಮಗಳ ಹತ್ರ? ಫೋನಲ್ಲಾ? ಯಾರು, ಇವರಾ?

ಐದು ನಿಮಿಷ!

...ಯಾವತ್ತಿಂದ? ಸೋಮವಾರ? ಇವತ್ತು ಶುಕ್ರವಾರ ಅಲ್ವಾ... ಅಂದ್ರೆ... ಇಲ್ಲ, ಇಲ್ಲ, ಗೊತ್ತಿತ್ತು ಅಮ್ಮಾ, ನನಗೆ ಗೊತ್ತಿತ್ತು. ನಾನು ತಮಾಷೆ ಮಾಡ್ದೆ. ಹೌದಾ? ಎಳೆದೆಳೆದು, ಆದ್ರೂ ಪೂರ್ತಿ ಮಾತು? ...ಹಾಂ, ನನ್ನ ಹತ್ರಾನೂ ಆಡ್ತಾರೆ. ಆಡ್ತಾರೆ. ನನ್ನಿಂದಾನೇ ಬಂತು ಅಂತೀರಾ... ಅಯ್ಯೋ, ಅಷ್ಟೆಲ್ಲ ಹೇಳ್ಬೇಡಿ ಅಮ್ಮಾ. ಇಲ್ಲಿಡಿ, ಕುಡೀತೀನಿ. ಹೋಗಿ, ಒಲೆ ಮೇಲೆ ಏನೋ ಉಕ್ತಿದೆ ನೋಡಿ. ಹೋಗಿ ಅಮ್ಮಾ.

...

ಸಾರ್.

ಸೋಮವಾರದಿಂದ.

ಸೋಮವಾರ ನಾನು ಬಂದಿದ್ದೆ. ಮಂಗಳವಾರ ಬಂದಿದ್ದೆ. ಬುಧವಾರ, ನಿನ್ನೆ... ದಿನಾ ಒಂದು ಗಂಟೆ ನಿಮ್ಮ ಕೈ ಹಿಡ್ಕೊಂಡು ಮೇಜು ಕುಟ್ಟಿದ್ದೀನಿ. ನಿಮ್ಮನ್ನ ಬಾಯಿಗೆ ಬಂದ ಹಾಗೆ ಆಡ್ಕೊಂಡಿದ್ದೀನಿ. ನೀವು ಕೂತ್ಕೊಂಡು ಕೇಳಿದ್ರಿ. ಬಾಯಿ ಇಟ್ಕೊಂಡು! ಎಂಥಾ ನಾಟಕ ಸಾರ್ ನಿಮ್ದು? ನನ್ನನ್ನ ಜೋಕರ್ ಅಂತೀರಲ್ಲ!

ಮಾತಾಡಿ ಈಗ. ಮಗಳ ಹತ್ರ ಐದು ನಿಮಿಷ ಬರುತ್ತೆ, ನನ್ನ ಹತ್ರ ಒಂದು ‘ಡೀ’ ಬರಲ್ವಾ? ಬಾಯಿ ಬಿಡಿ! ...

ನೆನಪಿದೆ ಅಲ್ವಾ ನಿಮಗೆ.

ಎಲ್ಲಾ ನೆನಪಿದೆ. ಸೋಮವಾರಾನೂ ನೆನಪಿತ್ತು. ಮೊದಲಿಂದಾನೂ ಇತ್ತೋ ಏನೋ.

ಆದ್ರೆ ಅಮ್ಮಾವ್ರಿಗೆ ಹೇಳಿಲ್ಲ. ಹೇಳಿದ್ರೆ ಈಗ ಟೀ ತರ್ತಿರ್ಲಿಲ್ಲ, ಲೋಟ ತಗೊಂಡು ಮುಖಕ್ಕೆ ಎರಚ್ತಿದ್ರು. ಮಗಳಿಗೂ ಹೇಳಿಲ್ಲ. ಯಾಕೆ ಸಾರ್? ನನ್ನ ಮೇಲೆ ಕರುಣೆನಾ? ಬೇಡ ನನಗೆ ನಿಮ್ಮ ಕರುಣೆ! ಪೊಲೀಸ್ನೋರಿಗೆ ಹೇಳಿ, ಬೀದಿಲಿ ನಿಂತು ಕೂಗಿ, ಅದು ಬೇರೆ. ಹೀಗೆ ಸುಮ್ನೆ ಕೂತು ನೋಡೋದು... ಇದ್ಯಾವ ಸೀಮೆ ಶಿಕ್ಷೆ?

ಓ... ತಡೀರಿ. ಗೊತ್ತಾಯ್ತು. ಲ್ಯಾಬಲ್ಲಿ ಲೆನ್ಸ್ ಕಾಣೆಯಾದಾಗ ಹೀಗೇ ಮಾಡಿದ್ರಿ. ಯಾರು ತಗೊಂಡಿದ್ದು ಅಂತ ಕೇಳ್ಲೇ ಇಲ್ಲ. ಕುರ್ಚಿ ಹಾಕ್ಕೊಂಡು, ಕೈ ಕಟ್ಕೊಂಡು, ನಲವತ್ತು ನಿಮಿಷ ಸುಮ್ನೆ ಕೂತ್ರಿ. ಬೆಲ್ ಹೊಡೀತು, ಯಾರೂ ಏಳಲಿಲ್ಲ. ಕೊನೆಗೆ ಮೊದಲನೇ ಬೆಂಚಿನ ಫಸ್ಟ್ ರ‍್ಯಾಂಕ್ ಹುಡುಗಿ ಅಳ್ತಾ ಎದ್ದು ನಿಂತ್ಲು. ಅವತ್ತು ನಾನು ನಕ್ಕಿದ್ದೆ, ಎಂಥಾ ದಡ್ಡಿ ಇವಳು, ಇನ್ನೆರಡು ನಿಮಿಷ ತಡೆದಿದ್ರೆ ಮನೆಗೆ ಹೋಗ್ಬೋದಿತ್ತು ಅಂತ.

...ಅಂಗಡೀಲಿ ನಾಲ್ಕು ಜನ ಇದ್ವಿ ಸಾರ್. ‘ಲೋ ಜೋಕರ್, ನಿಮ್ಮ ಆಸಿಡ್ ಮೇಷ್ಟ್ರಿಗೆ ಒಂದು ಫೋನ್ ಹಾಕೋ’ ಅಂದ್ರು. ನಾನೇನು ಬೇಡ ಅನ್ಲಿಲ್ಲ. ಹಳೇ ಸಿಮ್ ಒಂದಿತ್ತು. ಸ್ಪೀಕರ್‌ಗೆ ಹಾಕ್ದೆ, ಎಲ್ಲರಿಗೂ ಕೇಳ್ಲಿ ಅಂತ. ಶಿಕ್ಷಣಾಧಿಕಾರಿ ದನಿ ತೆಗೆದೆ. ‘ಹುಡುಗರಿಗೆ ಹೊಡೀತೀರಂತೆ, ನಿಮ್ಮ ಮೇಲೆ ದೂರು ಬಂದಿದೆ, ವಿವರಣೆ ಕೊಡಿ, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ’ ಅಂದೆ. ನೀವು ಯಾರಿಗೂ ಹೊಡೆದೋರಲ್ಲ. ಅದಕ್ಕೇ ಅದನ್ನ ಆರಿಸಿದ್ದು, ಅದಕ್ಕೆ ಹೆಚ್ಚು ಉರೀತೀರಿ ಅಂತ. ನೀವು, ‘ಸರ್, ನಾನು ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ... ಒಂದು ದಿನಾನೂ...’ ಅಂದ್ರಿ. ಅಲ್ಲೇ ನಿಂತು ಹೋಯ್ತು. ಒಂದು ದಿನಾನೂ, ಒಂದು ದಿನಾನೂ. ನಾವೆಲ್ಲ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ವಿ ಸಾರ್. ಆಮೇಲೆ ಧಡ್ ಅಂತ ಒಂದು ಸದ್ದು. ಅವರು ಇನ್ನೂ ನಗ್ತಾನೇ ಇದ್ರು. ನನಗೆ ಸದ್ದು ಗೊತ್ತು ಸಾರ್, ದಿನಾ ಅದೇ ಕೆಲಸ. ಕುರ್ಚಿ ಬಿದ್ದ ಸದ್ದಲ್ಲ ಅದು. ‘ಕಟ್ ಮಾಡಿದ್ರು ಕಣ್ರೋ’ ಅಂತ ಸುಳ್ಳು ಹೇಳಿ, ಹಿಂದಿನ ಬಾಗಿಲಿಂದ ಓಡ್ಬಂದೆ. ಚಪ್ಪಲಿನೂ ಹಾಕಿರ್ಲಿಲ್ಲ. ವೈರ್ ಗೀರ್ ಏನೂ ಇಲ್ಲ.

ದಿನಾ ಬರ್ತಿದ್ದದ್ದೂ ಪಾಠ ಹೇಳೋಕಲ್ಲ. ಬಾಯಿ ಬಂತಾ ಅಂತ ನೋಡೋಕೆ. ಬಂದ ದಿನ ಊರು ಬಿಡೋಣ ಅಂತ. ಸಣ್ಣ ಪದ ಕೊಟ್ರೆ ಬೇಗ ಬಂದ್ಬಿಡುತ್ತೆ ಅಂತ ಈ ಉದ್ದದ್ದು ಆರಿಸ್ದೆ. ಗೊತ್ತಾಯ್ತಾ? ಎಂಟು ತುಂಡು, ಎಂಟು ವಾರ ಆದ್ರೂ ಹಿಡಿಯುತ್ತೆ ಅಂದ್ಕೊಂಡೆ.

ಇಗೋ, ಹೇಳಿದ್ದಾಯ್ತು. ಈಗ ಸರಿಹೋಯ್ತಾ? ಈಗಾದ್ರೂ ಏನಾದ್ರೂ ಅನ್ನಿ. ಹಾಳಾಗಿ ಹೋಗು ಅನ್ನಿ.

...

ಅಲ್ಲಿ ಯಾಕೆ ನೋಡ್ತೀರಿ? ಅಡುಗೆಮನೆ ಕಡೆ ಯಾಕೆ?

ಬೇಡ ಸಾರ್. ನಿಮಗೆ ಹೇಳಿದ್ನಲ್ಲ, ಸಾಲದಾ? ಅವರು... ಅವರಿಗೆ ನಾನು ಅಂದ್ರೆ... ನೀವೇ ಹೇಳಿ ಸಾರ್, ನಿಮಗೆ ಬಾಯಿ ಬಂದಿದೆ, ನಾನು ಆಚೆ ಹೋದ್ಮೇಲೆ ನಿಧಾನಕ್ಕೆ ಹೇಳಿ. ನಾನು ಬೇಡ ಅನ್ನಲ್ಲ.

ಹೇಳಲ್ವಾ?

ಯಾವತ್ತೂ?

ಥೂ... ಎಂಥಾ ಮನುಷ್ಯ ಸಾರ್ ನೀವು.

...ಅಮ್ಮಾ! ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ. ಇಲ್ಲ, ಸಾರ್‌ಗೆ ಏನೂ ಆಗಿಲ್ಲ, ಚೆನ್ನಾಗಿದ್ದಾರೆ. ಒಲೆ ಆರಿಸಿ ಬನ್ನಿ. ಪೂರ್ತಿ ಆರಿಸಿ, ಉರಿ ಸಣ್ಣ ಮಾಡಿದ್ರೆ ಸಾಲದು, ತಡ ಆಗುತ್ತೆ. ಇಲ್ಲಿ, ಈ ಕುರ್ಚೀಲಿ ಕೂತ್ಕೊಳ್ಳಿ. ಇಲ್ಲಮ್ಮಾ, ನಾನು ನಿಂತೇ ಹೇಳ್ತೀನಿ.